ಬಾಲ್ಕನಿಯಲ್ಲಿ ಸೀಸ ಕರಗಿಸುವ ಗಾಳಪ್ರಿಯರಿಗೆ ಒಂದು ಎಚ್ಚರಿಕೆ

ಗೋವಾದ ವಾಸ್ಕೋದಲ್ಲಿರುವ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಎರಡು ವರ್ಷ ಕಾಲ ನಾನು ಸೀಸ ಕರಗಿಸಿ, ಗಾಳದ ದಾರಕ್ಕೆ ಕಟ್ಟುವ ಗುಂಡುಗಳನ್ನು ಎರಕ ಹೊಯ್ಯುತ್ತಿದ್ದೆ. ಜುವಾರಿ ನದಿ ಸಮುದ್ರ ಸೇರುವ ಕಡೆ ಚೊಣಾಕ್ ಮೀನಿಗೆ ಗಾಳ ಹಾಕುವವರಿಗೆ ಗೊತ್ತಿರುವಂತೆ, ಅಲ್ಲಿನ ಸೆಳೆತಕ್ಕೆ ಹಗುರವಾದ ಗುಂಡು ನಿಲ್ಲುವುದಿಲ್ಲ, ಭಾರವಾದದ್ದು ಬಂಡೆಗಳ ಸಂದಿಗೆ ಸಿಕ್ಕಿ ದಿನಕ್ಕೆ ನಾಲ್ಕೈದಾದರೂ ಹೋಗುತ್ತವೆ. ಗುಜರಿಯವನಿಂದ ಸೀಸ ತಂದು ನಾನೇ ಎರೆದುಕೊಂಡರೆ ಅಗ್ಗವೆನಿಸಿತು. ಹಳೆಯ ಕಾಲದ ಬಂದೂಕುಗಳಿಗೆ ಸೀಸದ ಗುಂಡು ಎರೆಯುವ ವಿದೇಶಿ ಹವ್ಯಾಸಿಗಳ ವಿಡಿಯೊ ನೋಡಿ ಕೆಲಸ ಕಲಿತೆ. ಅವರು ಮನೆಯಿಂದ ದೂರದ ತೆರೆದ ಶೆಡ್ಡಿನಲ್ಲಿ ಮಾಡುತ್ತಿದ್ದುದನ್ನು ನಾನು ಮೂರು ವರ್ಷದ ಮಗಳು ಆಡುವ ಚಾಪೆಯಿಂದ ಆರು ಅಡಿ ದೂರದಲ್ಲಿ ಮಾಡಿದೆ.

ಕಳೆದ ಜುಲೈನ ಒಂದು ಭಾನುವಾರ, ಕರಗಿ ಕನ್ನಡಿಯಂತಾಗಿದ್ದ ಬಾಣಲೆಗೆ ಹಳೆಯ ಸೀಸದ ಪೈಪಿನ ತುಂಡೊಂದನ್ನು ಇಳಿಬಿಟ್ಟೆ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ್ದ ಆ ತುಂಡಿನ ಮಡಿಕೆಯೊಳಗೆ ಮಳೆನೀರು ಉಳಿದಿತ್ತು. ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರಡಿ ಸಿಕ್ಕಿಕೊಂಡ ನೀರು ಕ್ಷಣದಲ್ಲಿ ಆವಿಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಪಟಾಕಿ ಸಿಡಿದಂಥ ಸದ್ದಾಯಿತು, ಅರ್ಧ ಬಾಣಲೆ ಸೀಸ ಛಾವಣಿಗೆ ಹಾರಿತು. ಬಲ ಮುಂಗೈಯ ಚರ್ಮ ಮೂರು ಕಡೆ ಸುಟ್ಟಿತು. ಕನ್ನಡಕವನ್ನು ತೆಗೆದು ನೋಡಿದಾಗ ಎಡಗಾಜಿನ ನಡುಮಧ್ಯದಲ್ಲಿ, ಕಣ್ಣುಗುಡ್ಡೆಗೆ ನೇರವಾಗಿ, ಎಳ್ಳಿನ ಗಾತ್ರದ ಸೀಸದ ಹನಿ ಅಂಟಿಕೊಂಡಿತ್ತು. ಗುಜರಿ ಸೀಸವನ್ನು ತಣ್ಣನೆಯ ಬಾಣಲೆಯಲ್ಲಿಟ್ಟು ಮೊದಲಿನಿಂದಲೇ ಕಾಯಿಸಿದರೆ ಮೇಲಿನ ತೇವ ಸೀಸ ಕರಗುವ ಮುನ್ನವೇ ಆರಿಹೋಗುತ್ತದೆ. ಬಾಯಿ ಮುಚ್ಚಿದ ಪೈಪಿನ ಒಳಗಿನ ನೀರಿಗೆ ಆ ಉಪಾಯವೂ ಸಾಲದು.

ಸುಟ್ಟ ಗಾಯ ಮೂರು ವಾರದಲ್ಲಿ ಮಾಗಿತು. ನಾನು ಬರೆಯಲು ಕುಳಿತದ್ದು ಅದಕ್ಕಾಗಿ ಅಲ್ಲ. ಪಟ್ಟಿ ಕಟ್ಟುತ್ತಿದ್ದ ವೈದ್ಯರು, "ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ?" ಎಂದು ಕೇಳಿ, ಇಬ್ಬರ ರಕ್ತವನ್ನೂ ಸೀಸದ ಪರೀಕ್ಷೆಗೆ ಕಳುಹಿಸಿದರು. ಒಂದು ಡೆಸಿಲೀಟರ್ ರಕ್ತದಲ್ಲಿ ನನ್ನದು 19 ಮೈಕ್ರೋಗ್ರಾಂ, ಮಗಳದು 11. ಅದು 5 ಮುಟ್ಟಿದರೇ ಮೂಲವನ್ನು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ.

ಹೊಗೆ ಬರದಂತೆ ಉರಿ ಸಣ್ಣದಾಗಿಡುತ್ತಿದ್ದೆ, ಆದ್ದರಿಂದ ನಾವು ಕ್ಷೇಮವೆಂದು ನಂಬಿದ್ದೆ. ವಿಷವಿದ್ದದ್ದು ಕಿಟ್ಟದಲ್ಲಿ. ಕರಗಿದ ಸೀಸದ ಮೇಲೆ ಕಟ್ಟುವ ಬೂದು ಕೆನೆಯನ್ನು ಸೌಟಿನಿಂದ ತೆಗೆದು ಹಳೆಯ ಪತ್ರಿಕೆಯ ಮೇಲೆ ತಟ್ಟಿದರೆ ಅದು ಗೋಧಿಹಿಟ್ಟಿನಷ್ಟು ನಯವಾದ ಪುಡಿಯಾಗಿ ಉದುರುತ್ತದೆ. ಆ ಪುಡಿಯನ್ನು ಪ್ರತಿ ಭಾನುವಾರ ನಾನೇ ಕಸಬರಿಗೆಯಿಂದ ಗುಡಿಸುತ್ತಿದ್ದೆ, ಎಂದರೆ ಮನೆಯೆಲ್ಲ ಹರಡುತ್ತಿದ್ದೆ. ಅದೇ ನೆಲದ ಮೇಲೆ ಮಗಳು ಕೈಯೂರಿ, ಆ ಕೈಯನ್ನು ಬಾಯಿಗಿಡುತ್ತಿದ್ದಳು. ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ.

ಔಷಧಿ ಕೊಡಿ ಎಂದು ಅಂಗಲಾಚಿದೆ. ಸೀಸವನ್ನು ಹೊರಹಾಕುವ ಔಷಧಿಯನ್ನು ಸಾಮಾನ್ಯವಾಗಿ ರಕ್ತದ ಮಟ್ಟ 45 ಮೈಕ್ರೋಗ್ರಾಂ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಡುತ್ತಾರಂತೆ. ಅವಳಿಗೆ ಉಳಿದದ್ದು ಮೂಲವನ್ನು ನಿಲ್ಲಿಸುವುದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಇರುವ ಊಟ ಕೊಡುವುದು, ಕಾಯುವುದು. ನಾಲ್ಕು ತಿಂಗಳಲ್ಲಿ 6ಕ್ಕೆ ಇಳಿದಿದೆ. ಮೂಳೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಇರುತ್ತದೆ ಎಂಬ ಮಾತು ಮಾತ್ರ ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಹಳೆಯ ಕಾರ್ ಬ್ಯಾಟರಿ ಒಡೆದು ಸೀಸ ತೆಗೆಯಲು ಹೇಳಿಕೊಡುವವರ ಮಾತನ್ನು ದಯವಿಟ್ಟು ಕೇಳಬೇಡಿ. ಅದರಲ್ಲಿ ಆಮ್ಲವಷ್ಟೇ ಅಲ್ಲ, ಆರ್ಸೆನಿಕ್ ಕೂಡ ಇರಬಹುದು. ಈಗಾಗಲೇ ಮನೆಯಲ್ಲಿ ಎರಕ ಹೊಯ್ದಿದ್ದರೆ ಒಣ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದ ಒರೆಸಿ, ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ, ಮಕ್ಕಳ ರಕ್ತವನ್ನು ಪರೀಕ್ಷೆ ಮಾಡಿಸಿ.

ನಾನು ಈಗ ಗುಂಡುಗಳನ್ನು ಅಂಗಡಿಯಲ್ಲೇ ಕೊಳ್ಳುತ್ತೇನೆ. ಸೀಳಿರುವ ಸಣ್ಣ ಗುಂಡನ್ನು ದಾರಕ್ಕೆ ಸೇರಿಸಿ ಹಲ್ಲಿನಿಂದ ಕಚ್ಚಿ ಬಿಗಿಯುವ ಅಭ್ಯಾಸ ನಮ್ಮಲ್ಲಿ ಬಹುತೇಕರಿಗಿದೆ, ನನಗೂ ಇತ್ತು. ಅದಕ್ಕೆ ಇಕ್ಕಳ ಬಳಸಿ, ಬುತ್ತಿ ಬಿಚ್ಚುವ ಮುನ್ನ ಸೋಪು ಹಾಕಿ ಕೈ ತೊಳೆದುಕೊಳ್ಳಿ.