ಕೃಷ್ಣಾ ತೀರದ ನೆರೆ ಮುನ್ಸೂಚನೆ ಸೇವೆ: ಹೊಳೆದಂಡೆಯ ಬಳಕೆದಾರನೊಬ್ಬನ ವಿಮರ್ಶೆ

ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ ಅನ್ನೂ ನಮ್ಮ ನೀರಾವರಿ ನಿಗಮಗಳು ಮತ್ತು ಜಿಲ್ಲಾಡಳಿತಗಳು ಮಳೆಗಾಲದಲ್ಲಿ ಹೊರಡಿಸುವ ಜಲಾಶಯ ಪ್ರಕಟಣೆಗಳನ್ನೂ ಜಮಖಂಡಿ ಭಾಗದ ಹೊಳೆದಂಡೆಯ ಕಬ್ಬು ಬೆಳೆಗಾರನಾಗಿ ನಾನು ಬಳಸುತ್ತ ಬಂದಿದ್ದೇನೆ. ಇವೆರಡೂ ಸರ್ಕಾರದ ಉಚಿತ ಸೇವೆಗಳು. ಆದರೂ ಅಂಗಡಿಯಿಂದ ತಂದ ಪಂಪಸೆಟ್ಟನ್ನು ಪರೀಕ್ಷಿಸುವಷ್ಟೇ ನಿಷ್ಠುರವಾಗಿ ಇವನ್ನೂ ಪರೀಕ್ಷಿಸಬೇಕು, ಏಕೆಂದರೆ ಇವುಗಳ ಮೇಲೆ ನಂಬಿಕೆಯಿಟ್ಟವರ ಮನೆ, ದನಕರು ಮತ್ತು ಪ್ರಾಣ ಹೊಳೆಯ ಅಂಚಿನಲ್ಲಿರುತ್ತವೆ. ನನ್ನ ಮಾನದಂಡ ಒಂದೇ: ನೀರು ಏರುವ ಮೊದಲು ದಂಡೆಯ ಮೋಟಾರು ಬಿಚ್ಚಿ ಮೇಲೆ ತರಲು, ದನಗಳನ್ನು ದಿಬ್ಬದ ಮೇಲಿನ ಜಾಗಕ್ಕೆ ಸಾಗಿಸಲು ಈ ಸೇವೆಯಿಂದ ವೇಳೆ ಸಿಗುತ್ತದೆಯೇ?

ಮೊದಲು ಆ್ಯಪ್‌ನ ವಿಚಾರ. 2023ರ ಆಗಸ್ಟ್ 17ರಂದು ಬಿಡುಗಡೆಯಾದಾಗ ಇದರಲ್ಲಿ ಹೊಳೆಯ ನೆರೆಯನ್ನು ಗಮನಿಸುವ 338 ಕೇಂದ್ರಗಳ ಮಾಹಿತಿಯಿತ್ತು. 2024ರ ಆಗಸ್ಟ್‌ನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಕೇಂದ್ರಗಳ ಸಂಖ್ಯೆ 592ಕ್ಕೆ ಏರಿತು ಮತ್ತು ದೇಶದ 150 ದೊಡ್ಡ ಜಲಾಶಯಗಳ ಸಂಗ್ರಹದ ವಿವರವೂ ಸೇರಿತು. ಭೂಪಟದ ಮೇಲೆ ಪ್ರತಿ ಕೇಂದ್ರವೂ ಒಂದು ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. ಹಸಿರು ಎಂದರೆ ಹೊಳೆ ಸಹಜ ಸ್ಥಿತಿಯಲ್ಲಿದೆ. ಎಚ್ಚರಿಕೆಯ ಮಟ್ಟ ದಾಟಿದರೆ ಹಳದಿ, ಅಪಾಯದ ಮಟ್ಟ ದಾಟಿದರೆ ಕಿತ್ತಳೆ, ಅಲ್ಲಿ ಹಿಂದೆಂದೂ ದಾಖಲಾಗದಷ್ಟು ಎತ್ತರಕ್ಕೆ ನೀರು ಬಂದರೆ ಕೆಂಪು. ದೇಶದಲ್ಲಿ ವೈಜ್ಞಾನಿಕ ನೆರೆ ಮುನ್ಸೂಚನೆ 1958ರಲ್ಲಿ ದೆಹಲಿಯ ಹಳೆಯ ರೈಲು ಸೇತುವೆಯ ಬಳಿ ಯಮುನಾ ನದಿಗೆ ಆರಂಭವಾಯಿತು. ಅಂದು ಅಧಿಕಾರಿಗಳ ನಡುವೆಯಷ್ಟೇ ಓಡಾಡುತ್ತಿದ್ದ ಅಂಕಿಗಳು ಇಂದು ರೈತನ ಅಂಗೈಗೆ ಬಂದಿರುವುದು ಸಣ್ಣ ಸಂಗತಿಯಲ್ಲ.

ಆಲಮಟ್ಟಿ, ನಾರಾಯಣಪುರದಂಥ ಜಲಾಶಯಗಳಿಗೆ ಆಯೋಗವು ನೀರಿನ ಮಟ್ಟವನ್ನಲ್ಲ, ಒಳಹರಿವನ್ನು ಮುಂದಾಗಿ ಹೇಳುತ್ತದೆ. ಇದರ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು, ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಅಡಿ ಆಗುತ್ತದೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ ಸಾಮರ್ಥ್ಯ 123.08 ಟಿಎಂಸಿ ಅಡಿ. ಒಳಹರಿವು ಮೂರು ಲಕ್ಷ ಕ್ಯೂಸೆಕ್, ಹೊರಹರಿವು ಎರಡೂವರೆ ಲಕ್ಷ ಎಂದಿಟ್ಟುಕೊಳ್ಳಿ. ಆಗ ದಿನವೊಂದಕ್ಕೆ 4.32 ಟಿಎಂಸಿ ಅಡಿ ಜಲಾಶಯದಲ್ಲಿ ಉಳಿಯುತ್ತದೆ. ಹತ್ತು ಟಿಎಂಸಿಯಷ್ಟು ಜಾಗ ಖಾಲಿ ಇದ್ದರೂ ಎರಡು ದಿನ ಕಳೆದು ಸ್ವಲ್ಪ ಹೊತ್ತಿಗೆ ಅದು ತುಂಬಿಬಿಡುತ್ತದೆ. ಆಮೇಲೆ ಬಂದಷ್ಟನ್ನೂ ಹೊರಗೆ ಬಿಡದೆ ಗತ್ಯಂತರವಿಲ್ಲ. ಆದ್ದರಿಂದ ನಾಳೆ, ನಾಡಿದ್ದು ಎಷ್ಟು ಬರಲಿದೆ ಎಂಬ ಅಂದಾಜು ಕೈಯಲ್ಲಿದ್ದರೆ ಮಾತ್ರ ಎಂಜಿನಿಯರ್ ಇಂದೇ ಗೇಟು ಎತ್ತಿ ಜಾಗ ಮಾಡಿಕೊಳ್ಳಬಲ್ಲರು. ಈ ಒಂದು ಕೆಲಸಕ್ಕಾದರೂ ಮುನ್ಸೂಚನೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಈ ಸೇವೆಯ ಹಿಂದಿರುವ ಅಧಿಕಾರಿಗಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟುವುದು ನ್ಯಾಯವಲ್ಲ. ಪುಷ್ಯ ಮತ್ತು ಆಶ್ಲೇಷ ಮಳೆಯ ವಾರಗಳಲ್ಲಿ ಅಣೆಕಟ್ಟೆಯ ಹೊಣೆ ಹೊತ್ತವರಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. 2005ರ ಮತ್ತು 2021ರ ನೆರೆ ಬಂದದ್ದು ಪುಷ್ಯದಲ್ಲಿ, 2019ರ ಮಹಾಪೂರ ಬಂದದ್ದು ಆಶ್ಲೇಷದಲ್ಲಿ. ಆ ವಾರಗಳಲ್ಲಿ ಅವರ ಮುಂದಿರುವುದು ಎರಡು ಬಗೆಯ ರೈತರ ಹಿತ. ನೀರು ಬೇಗ ಬಿಟ್ಟು ಆಮೇಲೆ ಮಳೆ ಕೈಕೊಟ್ಟರೆ ಕಾಲುವೆಯ ಕೊನೆಯಂಚಿನ ರೈತನಿಗೆ ಬೇಸಿಗೆಯಲ್ಲಿ ನೀರಿಲ್ಲ; ಹಿಡಿದಿಟ್ಟು ಮಳೆ ಹೆಚ್ಚಾದರೆ ದಂಡೆಯ ರೈತನ ಬೆಳೆ ಉಳಿಯುವುದಿಲ್ಲ. 2019ರಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಆ ವರ್ಷ ಸಾಂಗ್ಲಿ, ಕೊಲ್ಹಾಪುರಗಳು ಮುಳುಗಿದ್ದಕ್ಕೆ ಆಲಮಟ್ಟಿಯ ಹಿನ್ನೀರನ್ನು ದೂರಿದವರು ಬಹಳ. ಆದರೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡ್ನೇರೆ ಸಮಿತಿ 2020ರಲ್ಲಿ ಕೊಟ್ಟ ವರದಿ ಆ ಮಾತನ್ನು ಒಪ್ಪಲಿಲ್ಲ. ಇಂಥ ವಿವಾದಗಳ ನಡುವೆಯೂ ಎರಡು ರಾಜ್ಯಗಳ ಎಂಜಿನಿಯರ್‌ಗಳು ಒಳಹರಿವು, ಹೊರಹರಿವಿನ ಅಂಕಿಗಳನ್ನು ಪರಸ್ಪರ ತಿಳಿಸುತ್ತಿರುವುದರಿಂದಲೇ ನಮಗೆ ಉಸಿರಾಡಲು ಒಂದಿಷ್ಟು ವೇಳೆ ಸಿಗುತ್ತಿದೆ. ಇದನ್ನು ನಾನು ಕೃತಜ್ಞತೆಯಿಂದಲೇ ಬರೆಯುತ್ತಿದ್ದೇನೆ.

ದಿನನಿತ್ಯದ ಉಪಯೋಗದಲ್ಲಿ ಆ್ಯಪ್‌ಗಿಂತ ನನಗೆ ಹೆಚ್ಚು ನೆರವಾದದ್ದು ಜಲಾಶಯ ಮತ್ತು ಬ್ಯಾರೇಜ್‌ಗಳ ಪ್ರಕಟಣೆ. ನಮ್ಮ ಕೃಷ್ಣೆಯ ನೆರೆ ಬಹುಪಾಲು ನಮ್ಮ ಮಳೆಯಿಂದ ಆಗುವುದಲ್ಲ. ಮಹಾಬಳೇಶ್ವರದ ಘಟ್ಟದಲ್ಲಿ, ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ಕಣಿವೆಗಳಲ್ಲಿ ಸುರಿದದ್ದು ಇಲ್ಲಿಗೆ ಬರುತ್ತದೆ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುವುದನ್ನು ದಂಡೆಯವರೆಲ್ಲ ಕಂಡಿದ್ದಾರೆ. ಹಾಗಾಗಿ ಕೊಯ್ನಾದ ಹೊರಹರಿವು, ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜ್‌ನ ಹರಿವು, ದೂಧಗಂಗೆ ಬಂದು ಸೇರಿದ ಮೇಲೆ ಕಲ್ಲೋಳದಲ್ಲಿ ಕಾಣುವ ಹರಿವು, ಕೊನೆಗೆ ಹಿಪ್ಪರಗಿ ಬ್ಯಾರೇಜ್‌ನದು, ಈ ಕ್ರಮದಲ್ಲಿ ಓದಿಕೊಂಡರೆ ಹೊಳೆಯ ನಡೆ ಕಣ್ಣಿಗೆ ಕಟ್ಟುತ್ತದೆ. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ಅಣೆಕಟ್ಟೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು: ಅದರ ಸ್ವಯಂಚಾಲಿತ ಗೇಟುಗಳು ನೀರು ಒಂದು ಮಟ್ಟ ಮುಟ್ಟಿದೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ, ಯಾರ ಆದೇಶಕ್ಕೂ ಕಾಯುವುದಿಲ್ಲ. ಆ ಜಲಾಶಯ ತುಂಬುತ್ತ ಬಂದಿದೆ ಎಂಬ ಸುದ್ದಿಯನ್ನೇ ಮುನ್ನೆಚ್ಚರಿಕೆ ಎಂದು ತಿಳಿಯುವುದು ಒಳ್ಳೆಯದು.

ಇನ್ನು ಕೊರತೆಗಳು. ಆ್ಯಪ್ ಬಿಡುಗಡೆಯಾದಾಗ ಮಾಹಿತಿಯನ್ನು ಓದಲೂ ಕೇಳಲೂ ಅನುಕೂಲವಿತ್ತು, ಆದರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ದೋಣಿ ನಡೆಸುವವನಿಗೆ, ದಂಡೆಯ ಗುಡಿಸಲಿನಲ್ಲಿ ಕುರಿ ಕಾಯುವವನಿಗೆ ಅವನ ಭಾಷೆಯಲ್ಲಿ ದನಿ ಕೇಳಿಸದಿದ್ದರೆ ಆ ಅನುಕೂಲ ಅರ್ಧಕ್ಕೇ ನಿಂತಂತೆ. ನೆರೆಯ ಮಾಹಿತಿಗೆ ಕನ್ನಡ ಮತ್ತು ಮರಾಠಿ ಅಲಂಕಾರದ ಸೇರ್ಪಡೆಗಳಲ್ಲ, ಅವು ಸೇವೆಯ ಭಾಗವೇ ಆಗಬೇಕು.

ನಮ್ಮ ಪ್ರಕಟಣೆಗಳ ಕೊರತೆ ಬೇರೆ ಬಗೆಯದು. ಆಲಮಟ್ಟಿಯ ಮಟ್ಟವನ್ನು ಮೀಟರ್‌ನಲ್ಲಿ ಹೇಳುತ್ತಾರೆ. ಘಟಪ್ರಭೆಯ ಹಿಡಕಲ್ ಜಲಾಶಯದ ಪೂರ್ಣ ಮಟ್ಟ 2,175 ಅಡಿ, ಮಲಪ್ರಭೆಯ ನವಿಲುತೀರ್ಥದ್ದು 2,079.50 ಅಡಿ. ಸಂಗ್ರಹಕ್ಕೆ ಟಿಎಂಸಿ, ಹರಿವಿಗೆ ಕ್ಯೂಸೆಕ್. ಓದಿದವರಿಗೂ ಇದು ತೊಡಕು. ಅದಕ್ಕಿಂತ ದೊಡ್ಡ ತೊಡಕೆಂದರೆ ‘ಎರಡು ಲಕ್ಷ ಕ್ಯೂಸೆಕ್’ ಎಂದು ಓದಿದವನಿಗೆ ತನ್ನ ಹೊಲದ ಬದುವಿಗೆ ನೀರು ಮುಟ್ಟುತ್ತದೆಯೋ ಇಲ್ಲವೋ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಜನ ಅಂಕಿಗಿಂತ ಸೇತುವೆಯ ಸುದ್ದಿಗೆ ಕಿವಿಗೊಡುತ್ತಾರೆ. ಕೃಷ್ಣೆಯ ಮೇಲಿನ ಕಲ್ಲೋಳ-ಯಡೂರ ಸೇತುವೆ, ದೂಧಗಂಗೆಯ ಮೇಲಿನ ಮಲಿಕವಾಡ-ದತ್ತವಾಡ ಸೇತುವೆ ಮುಳುಗಿದವು ಎಂದರೆ ಚಿಕ್ಕೋಡಿ ಭಾಗದವರಿಗೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಪ್ರತಿ ಊರಿನ ಹೊಳೆಯ ದಾರಿಯಲ್ಲಿ ಒಂದು ಕಲ್ಲುಕಂಬ ನೆಟ್ಟು, ಇಷ್ಟು ಹರಿವಿಗೆ ನೀರು ಇಲ್ಲಿಯವರೆಗೆ ಬರುತ್ತದೆ ಎಂದು ಗೆರೆ ಹಾಕಿದರೆ, ಪ್ರಕಟಣೆಯ ಅಂಕಿಗೆ ಊರಿನಲ್ಲೇ ಒಂದು ಗುರುತು ಸಿಗುತ್ತದೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. 2019ರಲ್ಲಿ ನೀರು ಎಲ್ಲಿಗೆ ಬಂದಿತ್ತೆಂದು ಊರಿನ ಹಿರಿಯರು ಇಂದಿಗೂ ಗೋಡೆ ಮುಟ್ಟಿ ತೋರಿಸಬಲ್ಲರು.

ಅಲ್ಲಿಯವರೆಗೆ ಅಂಕಿಯನ್ನು ಊರಿನ ಮಾತಿಗೆ ಇಳಿಸುವ ಕೆಲಸ ಗ್ರಾಮ ಆಡಳಿತ ಅಧಿಕಾರಿಯದು, ಪಂಚಾಯತಿ ಸಿಬ್ಬಂದಿಯದು ಮತ್ತು ಡಂಗುರ ಸಾರುವವನದು. ಇಡೀ ಸೇವೆಯಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಈ ಕೊನೆಯ ಕೊಂಡಿಯನ್ನು. ನೆರೆ ಸಂತ್ರಸ್ತರಿಗಾಗಿ ಕಾಳಜಿ ಕೇಂದ್ರ ತೆರೆದ ಮೇಲೂ ಜನ ಮನೆ ಬಿಡಲು ಹಿಂಜರಿಯುವುದು ಹಟದಿಂದಲ್ಲ, ಎಮ್ಮೆ ಆಕಳುಗಳಿಗೆ ಅಲ್ಲಿ ನೆಲೆಯೂ ಮೇವೂ ಇವೆಯೋ ಇಲ್ಲವೋ ಎಂಬ ಚಿಂತೆಯಿಂದ. ‘ಯಜಮಾನರ, ದನಾ ಮೊದ್ಲ ಸಾಗಸ್ರಿ, ಮೇವಿನ ವ್ಯವಸ್ಥಾ ಆಗೇತ್ರಿ’ ಎಂದು ಮನೆಬಾಗಿಲಿಗೆ ಬಂದು ಹೇಳುವ ಅಧಿಕಾರಿಯ ಮಾತಿಗೆ ಊರು ಏಳುತ್ತದೆ. ಮೊಬೈಲಿನ ಕಿತ್ತಳೆ ಚುಕ್ಕೆಗೆ ಏಳುವುದಿಲ್ಲ.

ಘಟಪ್ರಭೆಯ ದಂಡೆಯವರಿಗೆ ಒಂದು ಸೂಚನೆ. ಹಿಡಕಲ್ ಅಣೆಕಟ್ಟೆಯ ಹೊರಹರಿವನ್ನಷ್ಟೇ ನೋಡಿ ನೆಮ್ಮದಿಯಿಂದಿರಬೇಡಿ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಅಣೆಕಟ್ಟೆಯ ಕೆಳಗೆ ಬಂದು ಸೇರುತ್ತವೆ. ಗೋಕಾಕದ ಲೋಳಸೂರ ಸೇತುವೆಯ ಬಳಿ ಏರುವ ನೀರಿನಲ್ಲಿ ಆ ಎರಡರ ಪಾಲೂ ಇರುತ್ತದೆ, ಮುಧೋಳದವರೆಗೂ ಅದೇ ನೀರು. ಮೂರೂ ಹರಿವುಗಳನ್ನು ಕೂಡಿಸಿ ಒಂದೇ ಸಾಲಿನಲ್ಲಿ ಕೊಡುವ ಪ್ರಕಟಣೆ ಬಂದರೆ ಆ ಭಾಗಕ್ಕೆ ದೊಡ್ಡ ಉಪಕಾರ. ಮಲಪ್ರಭೆಯ ರಾಮದುರ್ಗ, ಬಾದಾಮಿ ಭಾಗದವರು ನವಿಲುತೀರ್ಥದ ಹೊರಹರಿವನ್ನು ನೋಡಿಕೊಳ್ಳಬೇಕು.

ವಿಜಯಪುರ ಜಿಲ್ಲೆಯ ಇಂಡಿ, ಚಡಚಣದ ಕಡೆ ಭೀಮಾ ತೀರದವರು ಉಜನಿ ಮತ್ತು ವೀರ್ ಜಲಾಶಯಗಳ ಹೊರಹರಿವನ್ನು ಗಮನಿಸಬೇಕು. ಅಲ್ಲಿಗೂ ಆ್ಯಪ್ ನೆರವಾಗುತ್ತದೆ. ತಾಳಿಕೋಟೆಯ ಡೋಣಿಗೆ ಮಾತ್ರ ಈ ಕ್ರಮ ಹೊಂದುವುದಿಲ್ಲ. ಡೋಣಿ ತನ್ನದೇ ಸೀಮೆಯ ಮಳೆಗೆ ದಿಢೀರನೆ ಉಕ್ಕುವ ಹೊಳೆ. ಮೇಲೆ ದೊಡ್ಡ ಅಣೆಕಟ್ಟೆಯಿಲ್ಲ, ಬಿಡುಗಡೆಯ ಪ್ರಕಟಣೆಯಿಲ್ಲ. ಅಲ್ಲಿನವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ, ಮೇಲಿನ ಹೋಬಳಿಗಳಲ್ಲಿ ಎಷ್ಟು ಮಳೆಯಾಗಿದೆ ಎಂದು ಕನ್ನಡದಲ್ಲೇ ವಿಚಾರಿಸಿಕೊಂಡು, ಆಮೇಲೆ ಹೊಳೆ ದಾಟುವ ವಿಚಾರ ಮಾಡುವುದು ಲೇಸು.