ಸೈಕಲ್ ಹಿಂದೆ ಮಗುವಿನ ಬಂಡಿ ಕಟ್ಟುವ ಮುನ್ನ ಅದರ ಹಾಸು ಎತ್ತಿ ನೋಡಿ

ನನ್ನ ಮಗಳ ಎಡಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತು ಇದೆ. ಅವಳಿಗೆ ಈಗ ಮೂರು ತುಂಬಿದೆ. ಯಾರು ಕೇಳಿದರೂ ‘ಅಮ್ಮನ ಬಂಡಿ ಬಿತ್ತು’ ಎಂದು ತಾನೇ ಬೆರಳಿಟ್ಟು ತೋರಿಸುತ್ತಾಳೆ. ಬಂಡಿ ಬಿದ್ದದ್ದು ನಿಜ. ಬೀಳುವುದಕ್ಕೆ ಬೇಕಾದ ಏರ್ಪಾಡನ್ನೆಲ್ಲ ಒಂದೂವರೆ ತಿಂಗಳು ಮುತುವರ್ಜಿಯಿಂದ ಮಾಡಿದವಳು ನಾನೇ. ಓಣಿಯಲ್ಲಿ ಆ ಬಂಡಿಯನ್ನು ನೋಡಿದ ಇಬ್ಬರು ತಾಯಂದಿರು ‘ಎಲ್ಲಿ ಸಿಗುತ್ತದೆ, ಎಷ್ಟು ಕೊಟ್ಟಿರಿ’ ಎಂದು ಈಗಲೂ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬಳ್ಳಾರಿಯ ಕಪ್ಪಗಲ್ಲು ರಸ್ತೆಯ ಕಡೆ, ತವರುಮನೆ ಸತ್ಯನಾರಾಯಣ ಪೇಟೆಯಲ್ಲಿ. ಗಂಡನಿಗೆ ತೋರಣಗಲ್ಲಿನಲ್ಲಿ ಪಾಳಿ ಕೆಲಸ, ಮನೆಯ ಬೈಕು ಅವರ ಜೊತೆಗೇ ಹೋಗುತ್ತದೆ. ಬೆಳಿಗ್ಗೆ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಕಚೇರಿಗೆ ಹೋಗಲು ನನಗಿರುವುದು ಸೈಕಲ್ ಒಂದೇ. ಹಿಂದಿನ ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಕೂರಿಸುತ್ತಿದ್ದೆ. ಒಂದು ದಿನ ಅವಳ ಚಪ್ಪಲಿ ಚಕ್ರದ ಕಡ್ಡಿಗೆ ಸಿಕ್ಕಿ ಕಿತ್ತುಹೋಯಿತು. ಚಪ್ಪಲಿಯ ಒಳಗೆ ಕಾಲೂ ಇತ್ತು, ದೇವರು ದೊಡ್ಡವನು, ಏನೂ ಆಗಲಿಲ್ಲ. ಆ ರಾತ್ರಿಯೇ ಮೊಬೈಲ್ ಹಿಡಿದು ಬೇರೆ ದಾರಿ ಹುಡುಕಲು ಕುಳಿತೆ.

ನಮ್ಮೂರಿನಲ್ಲಿ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವುದು. ಸೈಕಲ್ ಹಿಂದೆಯೂ ಅಂಥದ್ದೊಂದನ್ನು ಕಟ್ಟಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಯುರೋಪಿನಲ್ಲಿ ದಿನನಿತ್ಯದ ಸಂಗತಿ. ಎರಡು ಚಕ್ರ, ಪೈಪಿನ ಚೌಕಟ್ಟು, ಮೇಲೆ ಬಟ್ಟೆಯ ಗೂಡು. ಜರ್ಮನಿಯ ಸಂಚಾರ ನಿಯಮದಲ್ಲಿ ಇದಕ್ಕೆ ಪ್ರತ್ಯೇಕ ಮಾತೇ ಇದೆ: ಮಕ್ಕಳಿಗಾಗಿಯೇ ಸಜ್ಜಾದ ಟ್ರೇಲರ್ ಆಗಿರಬೇಕು, ಏಳು ವರ್ಷದೊಳಗಿನ ಇಬ್ಬರವರೆಗೆ ಕೂರಿಸಬಹುದು, ಸೈಕಲ್ ತುಳಿಯುವವರಿಗೆ ಕನಿಷ್ಠ 16 ವರ್ಷ ಆಗಿರಬೇಕು. ‘ಮಕ್ಕಳಿಗಾಗಿಯೇ ಸಜ್ಜಾದ’ ಎಂಬ ಮಾತನ್ನು ನಾನು ಆಗ ಓದಿಕೊಂಡು ಮುಂದೆ ಹೋದೆ. ವಿಡಿಯೊದಲ್ಲಿ ಕೆಂಪು ಗೂಡಿನೊಳಗೆ ಕುಳಿತು ಬಿಸ್ಕತ್ತು ತಿನ್ನುವ ಮಕ್ಕಳನ್ನು ನೋಡುತ್ತಿದ್ದವಳಿಗೆ ಮಾತುಗಳು ಎಲ್ಲಿ ಕಾಣಬೇಕು?

ಒಳ್ಳೆಯ ಹೆಸರಿನ ಟ್ರೇಲರುಗಳ ಬೆಲೆ ನೋಡಿ ಎದೆ ಧಸಕ್ಕೆಂದಿತು. ಕೆಳಗೆ ಕೆಳಗೆ ಹೋದ ಹಾಗೆ 11,800 ರೂಪಾಯಿಯದೊಂದು ಸಿಕ್ಕಿತು. ಚಿತ್ರದಲ್ಲಿ ಗುಂಗುರು ಕೂದಲಿನ ಮಗುವೊಂದು ಕುಳಿತು ನಗುತ್ತಿತ್ತು. ವಿವರದಲ್ಲಿ ‘ಬಹೂಪಯೋಗಿ’ ಎಂದಿತ್ತು. ಇದೇ ಮಾತು ಆಮೇಲೆ ನನ್ನ ಕುತ್ತಿಗೆಗೆ ಬಂತು.

ಪೆಟ್ಟಿಗೆ ಬಂದ ದಿನ ಮಾವನವರೇ ಪಾನಾ ಹಿಡಿದು ಜೋಡಿಸಿಕೊಟ್ಟರು. ಒಳಗೆ ಆಸನ ಎಂಬುದು ಇರಲಿಲ್ಲ. ಚಪ್ಪಟೆ ನೆಲ, ಅದರ ಮೇಲೆ ಹಾಸು, ಹಾಸಿನ ಮೇಲೆ ಬಿಡಿಯಾಗಿ ಕೊಟ್ಟಿದ್ದ ಒಂದು ಮೆತ್ತೆ. ಹಿಂದೆ ಮುಂದೆ ಎರಡೂ ಕಡೆ ಜಿಪ್ಪಿನ ಬಾಗಿಲು. ನೆಲದ ಮೂಲೆಯಿಂದ ಗೇಣುದ್ದದ ಪಟ್ಟಿಯೊಂದು ಹೊರಟಿತ್ತು, ಅದರ ತುದಿಗೆ ಕಬ್ಬಿಣದ ಕೊಂಡಿ. ಮಾವ ಸಿರುಗುಪ್ಪ ಕಡೆಯ ಹಳ್ಳಿಯವರು, ಕುರಿಹಟ್ಟಿಯ ನಾಯಿಗಳ ಜೊತೆ ಬೆಳೆದವರು. ಕೊಂಡಿಯನ್ನು ಎರಡು ಬಾರಿ ಒತ್ತಿ ಬಿಟ್ಟು, ‘ಇದು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸುವುದಲ್ಲವೇನಮ್ಮಾ?’ ಎಂದರು.

‘ಹೊರದೇಶದ ಮಾಲು ಮಾವ, ಅಲ್ಲಿ ಹೀಗೇ ಇರುತ್ತದೆ’ ಎಂದೆ. ಅವರು ನನ್ನ ಮುಖ ನೋಡಿದರು. ಮತ್ತೆ ಮಾತಾಡಲಿಲ್ಲ.

ಬೆಲ್ಟ್ ಇಲ್ಲ ಎಂಬುದು ನನಗೂ ಕಂಡಿತ್ತು. ಜೀನ್ಸ್ ಹೊಲಿಯುವ ಊರಿನಲ್ಲಿ ಬೆಲ್ಟಿಗೆ ಏನು ಬರ ಎಂದುಕೊಂಡು ಪರಿಚಯದ ಟೈಲರ್ ಮಾಸ್ಟರ್ ಹತ್ತಿರ ಹೋದೆ. ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲುಗಳ ನಡುವಿನಿಂದ ಒಂದು, ಹೀಗೆ ವಿಡಿಯೊದಲ್ಲಿ ನೋಡಿದಂತೆಯೇ ಐದು ಪಟ್ಟಿ ಹಾಕಿಸಿದೆ. ಶಾಲೆಯ ಚೀಲಕ್ಕೆ ಬಳಸುವ ದಪ್ಪ ಪಟ್ಟಿ, ಜೀನ್ಸ್ ಜೇಬಿನ ಮೂಲೆಗೆ ಹಾಕುವ ಒತ್ತು ಹೊಲಿಗೆ. ಮಾಸ್ಟರ್ ಎರಡು ಕೈಯಿಂದ ಜಗ್ಗಿ ತೋರಿಸಿ, ‘ಇದು ಕಿತ್ತರೆ ನನ್ನ ಮೆಷಿನ್ ಮಾರಿಬಿಡುತ್ತೇನೆ ತಂಗೀ’ ಎಂದರು. ಅವರ ಮೆಷಿನ್ ಮಾರಬೇಕಾಗಿಲ್ಲ. ಅವರ ಹೊಲಿಗೆ ಕೊನೆಯವರೆಗೂ ಬಿಚ್ಚಲಿಲ್ಲ. ಪಟ್ಟಿಯನ್ನು ಯಾವ ಬಟ್ಟೆಗೆ ಹೊಲಿದಿದ್ದರೋ ಆ ಬಟ್ಟೆಯೇ ಹರಿಯಿತು. ಸರಿಯಾದ ಟ್ರೇಲರಿನಲ್ಲಿ ಬೆಲ್ಟಿನ ಎಳೆತವೆಲ್ಲ ಪೈಪಿನ ಚೌಕಟ್ಟಿಗೆ ಹೋಗಿ ಸೇರುತ್ತದೆ. ನನ್ನದರಲ್ಲಿ ಅದು ಗೂಡಿನ ಹಿಂಬದಿಯ ತೆಳು ಬಟ್ಟೆಗೆ ಸೇರಿತ್ತು.

ಸೈಕಲ್ಲಿಗೆ ಜೋಡಿಸುವಾಗ ಇನ್ನೊಂದು ತೊಡಕು. ಟ್ರೇಲರಿನ ಕೈಯನ್ನು ಸಿಕ್ಕಿಸುವ ಕಬ್ಬಿಣದ ಪಟ್ಟಿ ಹಿಂದಿನ ಚಕ್ರದ ಆಕ್ಸಲ್ಲಿಗೆ, ಎಡಗಡೆ, ನಟ್ಟಿನ ಒಳಗೆ ಕೂರಬೇಕು. ನಮ್ಮ ಸೈಕಲ್ಲುಗಳಲ್ಲಿ ಆ ಆಕ್ಸಲ್ಲಿನ ಮೇಲೆ ಮೊದಲೇ ಒಂದು ಸಂಸಾರ ಕುಳಿತಿರುತ್ತದೆ: ಸ್ಟ್ಯಾಂಡಿನ ಕಾಲು, ಕ್ಯಾರಿಯರಿನ ಕಡ್ಡಿ, ಮಡ್‌ಗಾರ್ಡಿನ ಕಡ್ಡಿ. ಇನ್ನೊಂದು ಪಟ್ಟಿ ಸೇರಿಸಿದರೆ ನಟ್ಟು ಹಿಡಿಯಲು ಎರಡು ಸುತ್ತು ಥ್ರೆಡ್ಡೂ ಉಳಿಯುವುದಿಲ್ಲ. ನಾನು ಹೇಗೋ ಬಿಗಿ ಮಾಡಿ ಓಡಿಸುತ್ತಿದ್ದೆ. ಪಂಚರ್ ಅಂಗಡಿಯ ಚಾಚಾ ಬಗ್ಗಿ ನೋಡಿದವರೇ ನಟ್ಟನ್ನು ಬರಿ ಬೆರಳಿನಿಂದ ತಿರುಗಿಸಿ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ‘ಇದರ ಮೇಲೆ ಕೂಸನ್ನು ಕೂರಿಸಿದ್ದೀಯಾ ಬೇಟಾ?’ ಉದ್ದದ ಆಕ್ಸಲ್ ತರಿಸಿ ಹಾಕಿದರು. ‘ಇದು ಕಳಚಿದರೆ ಹಿಡಿದುಕೊಳ್ಳಲು ಇನ್ನೊಂದು ಪಟ್ಟಿ ಎಲ್ಲಿ?’ ಎಂದೂ ಕೇಳಿದರು. ಮಕ್ಕಳ ಟ್ರೇಲರುಗಳಿಗೆ ಆ ಎರಡನೆಯ ಪಟ್ಟಿ ಇದ್ದೇ ಇರುತ್ತದೆ, ಸೈಕಲ್ಲಿನ ಫ್ರೇಮಿಗೆ ಸುತ್ತಿ ಹಾಕುವಂಥದ್ದು. ನನ್ನದಕ್ಕೆ ಇರಲಿಲ್ಲ. ಚಾಚಾ ಹಳೆಯ ಟ್ಯೂಬು ಸೀಳಿ ಕಟ್ಟಿಕೊಟ್ಟರು. ಇಡೀ ವ್ಯವಹಾರದಲ್ಲಿ ಮಗುವಿನ ಬಗ್ಗೆ ಯೋಚಿಸಿದ ಮೊದಲ ಮನುಷ್ಯ ಅವರೇ.

ಓಡಿಸಲು ಶುರು ಮಾಡಿದ ಮೇಲೆ ತಿಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಸೈಕಲ್ಲಿನ ಚಕ್ರ ಒಂದು ಗೆರೆಯಲ್ಲಿ ಹೋದರೆ ಟ್ರೇಲರಿನ ಎರಡು ಚಕ್ರ ಅದರ ಆಚೆಯೊಂದು ಈಚೆಯೊಂದು ಗೆರೆ ಹಿಡಿಯುತ್ತವೆ. ಎಡಗಡೆಯದು ರಸ್ತೆಯಂಚಿನ ಕಸವನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಬಳ್ಳಾರಿ ಜಾಲಿ ಎಂದು ಮುಳ್ಳಿನ ಗಿಡಕ್ಕೇ ಹೆಸರು ಕೊಟ್ಟ ಊರು ನಮ್ಮದು. ಒಂದೂವರೆ ತಿಂಗಳಲ್ಲಿ ಏಳು ಪಂಚರ್. ಇನ್ನು ಬಿಸಿಲು. ಮಾರ್ಚಿನಲ್ಲಿಯೇ ಬೆಳಿಗ್ಗೆ ಹತ್ತರ ಹೊತ್ತಿಗೆ ಗೂಡಿನ ಪ್ಲಾಸ್ಟಿಕ್ ಕಿಟಕಿ ಮುಚ್ಚಿದರೆ ಒಳಗೆ ಹಬೆ ಹಿಡಿದಂತಾಗುತ್ತದೆ, ತೆರೆದರೆ ಧೂಳು. ಒಮ್ಮೆ ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಸ್ವಲ್ಪ ದೂರ ಹೋಗಿದ್ದೆ. ಇಳಿಸಿಕೊಳ್ಳುವಾಗ ನೋಡುತ್ತೇನೆ, ಮಗುವಿನ ರೆಪ್ಪೆಗೂದಲು ಕೆಂಪಾಗಿದ್ದವು. ದೊಡ್ಡವರ ಮುಖಕ್ಕಿಂತ ಎರಡು ಮೂರು ಅಡಿ ಕೆಳಗೆ, ವಾಹನಗಳ ಹೊಗೆಕೊಳವೆಯ ಮಟ್ಟದಲ್ಲಿ ಅವಳ ಮೂಗು ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹಿಂದಿನ ವಾಹನದವರಿಗೆ ಕಾಣಲೆಂದು ಬಾವುಟದ ಕಡ್ಡಿಯೊಂದನ್ನು ಕೊಟ್ಟಿದ್ದರು, ಅದನ್ನು ಸಿಕ್ಕಿಸುವ ತೂತು ಇದ್ದದ್ದು ಎಡಕ್ಕೆ. ಬಲಗಡೆ ಓಡಾಡುವ ದೇಶಗಳಿಗೆ ಅದು ಸರಿ. ನಮ್ಮಲ್ಲಿ ವಾಹನಗಳು ದಾಟಿ ಹೋಗುವುದು ಬಲಕ್ಕೆ, ಬಾವುಟವೂ ಆ ಕಡೆಗೇ ಬೇಕು.

ಹೆಲ್ಮೆಟ್ಟಿನ ಮಾತು ಬರೆಯಲು ಕೈ ಹಿಂಜರಿಯುತ್ತದೆ. ಸಣ್ಣ ಅಳತೆಯದನ್ನು ತರಿಸಿದ್ದೆ. ಮಕ್ಕಳ ಟ್ರೇಲರಿನಲ್ಲಿ ತಲೆಯ ಹಿಂದೆ ಹೆಲ್ಮೆಟ್ ಕೂರುವಷ್ಟು ತಗ್ಗು ಬಿಟ್ಟಿರುತ್ತಾರೆ. ನನ್ನದರಲ್ಲಿ ಹಿಂಬದಿ ನೇರ. ಹೆಲ್ಮೆಟ್ ಹಾಕಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗುತ್ತಿತ್ತು, ಮಗು ಅಳುತ್ತಿತ್ತು. ನಾಲ್ಕನೆಯ ದಿನ ನಾನೇ ತೆಗೆದಿಟ್ಟೆ. ವರ್ಷ ತುಂಬದ ಮಕ್ಕಳನ್ನು ಸೈಕಲ್ಲಿನಲ್ಲಾಗಲಿ ಟ್ರೇಲರಿನಲ್ಲಾಗಲಿ ಒಯ್ಯಬಾರದು ಎಂದು ವೈದ್ಯರು ಹೇಳುವುದೂ ಈ ಕುತ್ತಿಗೆಯ ಕಾರಣಕ್ಕೇ. ನನ್ನ ಮಗಳಿಗೆ ಆಗ ಎರಡೂವರೆಯಾಗಿತ್ತು. ಅವಳ ಕುತ್ತಿಗೆ ಗಟ್ಟಿಯಿತ್ತು, ಬಂಡಿ ಹೊಂದುತ್ತಿರಲಿಲ್ಲ.

ಬಿದ್ದದ್ದು ಒಂದು ಭಾನುವಾರ. ನಮ್ಮ ಒಳರಸ್ತೆಯಲ್ಲಿ ಓಣಿಯವರೇ ಸಿಮೆಂಟು ಹಾಕಿ ಎಬ್ಬಿಸಿದ ಹಂಪು ಒಂದಿದೆ. ಅದರ ಎಡತುದಿಗೂ ಚರಂಡಿಗೂ ನಡುವೆ ನೀರು ಹರಿಯಲೆಂದು ಒಂದು ಅಡಿಯಷ್ಟು ಸಂದು ಬಿಟ್ಟಿದ್ದಾರೆ. ಸೈಕಲ್ಲಿನವರು ಯಾರೂ ಹಂಪು ಹತ್ತುವುದಿಲ್ಲ, ಆ ಸಂದಿನಲ್ಲಿ ನುಸುಳಿಬಿಡುತ್ತಾರೆ. ನಾನೂ ಹೈಸ್ಕೂಲಿನಿಂದ ಹಾಗೇ ಮಾಡಿದವಳು. ಕೈ ತಾನಾಗಿಯೇ ಎಡಕ್ಕೆ ಹೊರಳಿತು. ಸೈಕಲ್ ಸಲೀಸಾಗಿ ನುಸುಳಿತು. ಟ್ರೇಲರಿನ ಬಲಚಕ್ರ ಹಂಪಿನ ಮೇಲೇರಿತು, ಎಡಚಕ್ರ ಚರಂಡಿಯ ಅಂಚಿಗೆ ಇಳಿಯಿತು. ಹಿಂದೆ ತಗಡು ಎಳೆದಂಥ ಸದ್ದು. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಜ್ಜಿ ‘ನಿಲ್ಲಿಸಮ್ಮಾ, ಕೂಸು ಬಿದ್ದಿದೆ!’ ಎಂದು ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ನಾನು ಇನ್ನೂ ನಾಲ್ಕು ಮಾರು ಎಳೆದುಕೊಂಡು ಹೋಗಿದ್ದೆ.

ಮಕ್ಕಳ ಟ್ರೇಲರ್ ಮಗುಚಿದರೂ ತಲೆಯ ಸುತ್ತ ಪೈಪಿನ ಚೌಕಟ್ಟು ನಿಲ್ಲಬೇಕು, ಅದನ್ನು ಮಾಡಿರುವುದೇ ಹಾಗೆ. ನನ್ನದರ ಮೇಲಿನ ಪೈಪುಗಳನ್ನು ಕೂಡಿಸಿದ್ದದ್ದು ಪ್ಲಾಸ್ಟಿಕ್ಕಿನ ಮೂಲೆಗಳು. ಎರಡು ಮೂಲೆ ಮುರಿದು ಗೂಡು ಮಡಿಸಿದ ಕೊಡೆಯಂತೆ ಬಿದ್ದಿತ್ತು. ಬೆಲ್ಟು ಹಿಂಬದಿಯ ಬಟ್ಟೆಯ ತುಂಡು ಸಮೇತ ಮಗುವಿನ ಮೈಮೇಲೆಯೇ ಇತ್ತು. ಹುಬ್ಬು ಚರಂಡಿಯ ಚಪ್ಪಡಿಗೆ ತಾಗಿತ್ತು. ಆಟೊ ಹಿಡಿದದ್ದು, ಹೊಲಿಗೆ ಹಾಕಿಸಿದ್ದು, ಅಮ್ಮ ಒಂದು ವಾರ ನನ್ನೊಡನೆ ಮಾತು ಬಿಟ್ಟದ್ದು, ಇವೆಲ್ಲ ಇಲ್ಲಿಗೆ ಬೇಡ.

ಅಂದು ಸಂಜೆ ರಕ್ತದ ಕಲೆ ತೆಗೆಯಲೆಂದು ಹಾಸನ್ನು ನೆಲದಿಂದ ಕಿತ್ತೆ. ಅದರ ಅಡಿಯಲ್ಲಿ, ಅಂಗಿಯ ಕಾಲರಿನ ಒಳಗಿರುತ್ತದಲ್ಲ, ಅಂಥದೇ ಬಿಳಿಯ ಚೀಟಿ ಹೊಲಿದಿತ್ತು. ಹೆಬ್ಬೆರಳಿನಷ್ಟು ಅಗಲ. ಅದರ ಮೇಲೆ ಎರಡು ಚಿತ್ರ. ಒಂದರಲ್ಲಿ ಕುಳಿತ ನಾಯಿ. ಇನ್ನೊಂದರಲ್ಲಿ ಕುಳಿತ ಮಗು, ಅದರ ಮೇಲೆ ಓರೆಯಾಗಿ ಎಳೆದ ಗೀಟು. ಓದು ಬಾರದವರಿಗೂ ಅರ್ಥವಾಗುವ ಚೀಟಿ. ಮಾವನಿಗೆ ತೋರಿಸಿದೆ. ‘ಹೂಂ’ ಎಂದರು, ಅಷ್ಟೇ. ‘ನಾನು ಅವತ್ತೇ ಹೇಳಿದ್ದೆ’ ಎಂದು ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾರಿದವರನ್ನು ಕೇಳಿದರೆ, ‘ಬಹೂಪಯೋಗಿ ಎಂದು ಬರೆದಿದ್ದೇವೆ, ಮಕ್ಕಳಿಗೆ ಎಂದು ಎಲ್ಲಿ ಬರೆದಿದ್ದೇವೆ?’ ಎಂದರು. ಹಿಂತಿರುಗಿಸುವ ಅವಧಿ ಮುಗಿದಿದೆ ಎಂದರು. ಚಿತ್ರದಲ್ಲಿರುವ ಮಗು ಯಾರದು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ನಿಯಮದ ಪ್ರಕಾರ ದೂರು ತಲುಪಿದೆ ಎಂದು ಮಾರುವವರು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ತಲುಪಿದೆ ಎಂಬ ಸಂದೇಶವಂತೂ ಬಂದಿದೆ. ಇದು ಇಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಮಾರುವವರು ಎಲ್ಲಿಯೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಊರಿನಲ್ಲೇ ದಾವೆ ಹಾಕಬಹುದು. ಚೀಟಿಯ ಫೋಟೊ, ಜಾಹೀರಾತಿನ ಚಿತ್ರ, ಬಿಲ್ಲು ಮೂರನ್ನೂ ತೆಗೆದಿಟ್ಟಿದ್ದೇನೆ.

ಇಷ್ಟಾದರೂ ತರಿಸಲೇಬೇಕು ಎನ್ನುವವರಿಗೆ: ಚಿತ್ರದಲ್ಲಿ ಮಗು ಕುಳಿತಿದೆಯೇ ಎಂದು ನೋಡಬೇಡಿ, ಬೆಲ್ಟು ಎಲ್ಲಿ ಕೊನೆಯಾಗುತ್ತದೆ ಎಂದು ನೋಡಿ. ಮಕ್ಕಳ ಟ್ರೇಲರುಗಳಿಗೆ ಯುರೋಪಿನಲ್ಲಿ ಇಎನ್ 15918, ಅಮೆರಿಕದಲ್ಲಿ ಎಎಸ್‌ಟಿಎಂ ಎಫ್1975 ಎಂಬ ಮಾನದಂಡಗಳಿವೆ. ಈ ಸಂಖ್ಯೆಗಳನ್ನು ಹೇಳಿ, ಮಾಲಿನ ಮೇಲೆ ಹೊಲಿದ ಚೀಟಿಯ ಫೋಟೊ ಕಳಿಸಿ ಎಂದು ಕೇಳಿ. ತಡವರಿಸಿದರೆ ಅಲ್ಲಿಗೇ ಬಿಡಿ. ಮನೆಗೆ ಬಂದ ಮೇಲೆ ಮಗುವನ್ನು ಕೂರಿಸುವ ಮೊದಲು ಅದರ ತೂಕದಷ್ಟು ಅಕ್ಕಿಯ ಚೀಲವನ್ನು ಬೆಲ್ಟು ಹಾಕಿ ಕೂರಿಸಿ. ನೀವು ದಿನಾ ಹೋಗುವ ದಾರಿಯಲ್ಲೇ, ಅದೇ ಹಂಪು ಅದೇ ತಿರುವುಗಳಲ್ಲಿ, ಒಂದು ವಾರ ಓಡಿಸಿ. ಬ್ರೇಕು ಹಿಡಿದಾಗ ಹಿಂದಿನ ಭಾರ ಸೈಕಲ್ಲನ್ನು ಮುಂದಕ್ಕೆ ನೂಕುವುದು ಹೇಗಿರುತ್ತದೆ ಎಂಬುದೂ ಆಗ ತಿಳಿಯುತ್ತದೆ. ನಾನು ಹೀಗೆ ಮಾಡಿದ್ದರೆ ಆ ಸಂದಿನಲ್ಲಿ ಅಕ್ಕಿ ಚೆಲ್ಲುತ್ತಿತ್ತು.

ಮಗಳು ಈಗ ಅಮ್ಮನ ಮನೆಗೆ ಹೋಗುವುದು ಪರಿಚಯದ ಆಟೊದಲ್ಲಿ. ಬಂಡಿಯ ಗೂಡನ್ನು ಬಿಚ್ಚಿ ಎಸೆದಿದ್ದೇನೆ. ಚಾಚಾ ಅದರ ನೆಲಕ್ಕೆ ತಗಡು ಹೊಡೆದುಕೊಟ್ಟಿದ್ದಾರೆ; ಮಾವ ಅದರಲ್ಲಿ ಕುಡಿಯುವ ನೀರಿನ ಕ್ಯಾನು ತರುತ್ತಾರೆ, ಹಂಪು ಬಂದರೆ ಇಳಿದು ತಳ್ಳುತ್ತಾರೆ. ನಿನ್ನೆ ರಾತ್ರಿ ಆ ಮಾರಾಟದ ಪುಟವನ್ನು ಮತ್ತೆ ತೆರೆದು ನೋಡಿದೆ. ಬೆಲೆ ಮುನ್ನೂರು ರೂಪಾಯಿ ಇಳಿದಿದೆ, ಗೂಡಿನ ಬಣ್ಣ ಹಳದಿಯಾಗಿದೆ. ಒಳಗೆ ಅದೇ ಗುಂಗುರು ಕೂದಲಿನ ಮಗು ನಗುತ್ತಿದೆ.