ಸೂರ್ಯಾಸ್ತದ ಹಾಯಿದೋಣಿಗೆ ಹಣ ಕಟ್ಟುವ ಮುನ್ನ

‘ಸಣ್ಣ ಗುಂಪು, ಹಾಯಿದೋಣಿ, ಸೂರ್ಯಾಸ್ತ’ ಎಂಬ ಜಾಹೀರಾತು ನೋಡಿ ಮುಂಗಡ ಕಟ್ಟಲು ಹೊರಟವರು ಇದನ್ನೊಮ್ಮೆ ಓದಿ. ಆ ಮೂರರಲ್ಲಿ ಒಂದೂ ನಮಗೆ ನೆಟ್ಟಗೆ ಸಿಗಲಿಲ್ಲ. ಅಷ್ಟೇ ಆಗಿದ್ದರೆ ಹೋದದ್ದು ಹಣ ತಾನೆ ಎಂದು ಸುಮ್ಮನಾಗಬಹುದಿತ್ತು. ಆದರೆ ಕತ್ತಲಾದ ಮೇಲೆ ದೀಪವಿಲ್ಲದ, ರೇಡಿಯೊ ಇಲ್ಲದ, ಜನ ಕಿಕ್ಕಿರಿದ ದೋಣಿಯಲ್ಲಿ ಒಂದು ಮಗುವನ್ನು ಹಿಡಿದುಕೊಂಡು ಕುಳಿತವರಿಗೆ ಸುಮ್ಮನಿರಲು ಆಗುವುದಿಲ್ಲ. ಯಾರೂ ಮುಳುಗಲಿಲ್ಲ. ಮುಳುಗದ ಕಾರಣಕ್ಕೇ ಇದು ಸುದ್ದಿಯಾಗುವುದಿಲ್ಲ, ಮರುದಿನ ಅದೇ ದೋಣಿ ಅದೇ ರೀತಿ ಹೊರಡುತ್ತದೆ.

ಹೊರಟವರು ನಾನು, ಅಕ್ಕ, ಭಾವ ಮತ್ತು ಅವರ ಮಗಳು. ಮುಂಗಡ ಕಟ್ಟುವಾಗ ‘ಎಷ್ಟು ಜನ ಇರುತ್ತಾರೆ?’ ಎಂದು ಭಾವ ಎರಡು ಸಲ ಕೇಳಿದರು. ‘ಸಣ್ಣ ಗುಂಪೇ ಸರ್, ಚಿಂತೆ ಮಾಡಬೇಡಿ’ ಎಂಬ ಉತ್ತರ ಎರಡು ಸಲವೂ ಬಂತು. ಸಂಖ್ಯೆ ಮಾತ್ರ ಬರಲಿಲ್ಲ. ಜೆಟ್ಟಿಗೆ ಹೋಗಿ ನೋಡಿದರೆ ಬೇರೆ ಬೇರೆ ಕಡೆ ಟಿಕೆಟ್ ಪಡೆದ ಮೂರು ತಂಡಗಳು ಒಂದೇ ದೋಣಿಗೆ ಕಾಯುತ್ತಿದ್ದವು. ಪ್ರತಿ ತಂಡವೂ ತನ್ನಷ್ಟಕ್ಕೆ ಸಣ್ಣದೇ, ಸುಳ್ಳು ಹೇಳಿದರು ಎನ್ನುವಂತಿಲ್ಲ!

ಇಂಥ ದೋಣಿಗಳಲ್ಲಿ ಎಷ್ಟು ಜನರನ್ನು ಹತ್ತಿಸಬಹುದು ಎಂಬ ಸಂಖ್ಯೆಯ ಫಲಕ ಸಾಮಾನ್ಯವಾಗಿ ಚುಕ್ಕಾಣಿಯ ಹತ್ತಿರವೋ ಹಿಂಭಾಗದಲ್ಲೋ ಇರುತ್ತದೆ. ನಮ್ಮ ದೋಣಿಯಲ್ಲಿ ಅದು ಇದ್ದ ಜಾಗದಲ್ಲಿ ನಾಲ್ಕು ತಿರುಪು ಮೊಳೆಯ ತೂತುಗಳಿದ್ದವು, ಅವುಗಳ ಮೇಲೆ ಹೊಸ ಬಿಳಿ ಬಣ್ಣವಿತ್ತು. ಜನರ ಸಂಖ್ಯೆ ಬರೀ ಇಕ್ಕಟ್ಟಿನ ಪ್ರಶ್ನೆಯಲ್ಲ. ಎಲ್ಲರೂ ಒಂದೇ ಬದಿಗೆ ಸರಿದರೆ ದೋಣಿ ಎಷ್ಟು ವಾಲುತ್ತದೆ, ಮತ್ತೆ ನೆಟ್ಟಗಾಗುತ್ತದೆಯೇ ಎಂಬುದೂ ಆ ಸಂಖ್ಯೆಯಲ್ಲಿ ಅಡಗಿರುತ್ತದೆ. ಸೂರ್ಯಾಸ್ತದ ವಿಹಾರದಲ್ಲಿ ಎಲ್ಲರೂ ಒಂದೇ ಬದಿಗೆ ಸರಿದೇ ಸರಿಯುತ್ತಾರೆ, ಸೂರ್ಯ ಇರುವುದು ಒಂದೇ ಬದಿಯಲ್ಲಿ. ಅಮೆರಿಕದಲ್ಲಿ ಹಣ ಪಡೆದು ಆರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ದೋಣಿಯನ್ನು ಕರಾವಳಿ ರಕ್ಷಣಾ ಪಡೆ ತಪಾಸಣೆ ಮಾಡಿರಲೇಬೇಕು. ಏಳನೆಯವನು ಹತ್ತಿದ ಕೂಡಲೇ ನಿಯಮ ಬದಲಾಗುತ್ತದೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಆದರೆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳದ ದೋಣಿಯವರು ಎಲ್ಲಿದ್ದರೂ ಅವರಿಂದ ದೂರವಿರುವುದೇ ಲೇಸು.

ಲೈಫ್ ಜಾಕೆಟ್ ಕೇಳಿದಾಗ ‘ಸೀಟಿನ ಕೆಳಗಿವೆ, ಬೇಕಾದಾಗ ಕೊಡುತ್ತೇವೆ’ ಎಂದರು. ಬೇಕಾಗುವ ಹೊತ್ತಿನಲ್ಲಿ ಕೊಡಲು ಯಾರಿಗೆ ಪುರುಸೊತ್ತಿರುತ್ತದೆಯೋ ಕಾಣೆ. ಅಕ್ಕ ಹಟ ಹಿಡಿದದ್ದಕ್ಕೆ ಪಾನೀಯದ ಕ್ರೇಟುಗಳನ್ನು ಸರಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು ಒಂದನ್ನು ಹೊರಗೆಳೆದರು. ಬಣ್ಣ ಕಿತ್ತಳೆಯಿಂದ ಮಾಸಿದ ಗುಲಾಬಿಗೆ ಇಳಿದಿತ್ತು. ಒಳಗಿನ ಫೋಮನ್ನು ಹಿಸುಕಿದರೆ ಗರಗರ ಪುಡಿಯಾಗುವ ಸದ್ದು. ಸೊಂಟದ ಪಟ್ಟಿಯ ಬಕಲ್‌ಗೆ ಒಂದು ಹಲ್ಲು ಮುರಿದಿತ್ತು, ಅದನ್ನು ನೈಲಾನ್ ದಾರದಿಂದ ಗಂಟು ಹಾಕಿಟ್ಟಿದ್ದರು. ಮಕ್ಕಳ ಅಳತೆಯದು ಇರಲೇ ಇಲ್ಲ. ದೊಡ್ಡವರದನ್ನೇ ಮಗುವಿಗೆ ತೊಡಿಸಿ, ಭುಜದ ಬಳಿ ಹಿಡಿದು ಎತ್ತಿದರೆ ಅದು ಕಿವಿಯ ಮೇಲಕ್ಕೆ ಬಂತು. ನೀರಿಗೆ ಬಿದ್ದರೂ ಹಾಗೆಯೇ: ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರಿಂದ ಕೆಳಗೆ ಜಾರುತ್ತದೆ. ಅದಕ್ಕಾಗಿಯೇ ಮಕ್ಕಳ ಜಾಕೆಟ್‌ಗಳಲ್ಲಿ ತೊಡೆಗಳ ನಡುವೆ ಹಾಯುವ ಪಟ್ಟಿ ಇರುತ್ತದೆ.

ಜಾಕೆಟಿಗೆ ತೇಲಿಸುವ ಬಲ ಎಷ್ಟಿದೆ ಎಂದು ಅದರ ಮೇಲೆ ನ್ಯೂಟನ್ ಲೆಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನೂ ನೋಡಿಕೊಳ್ಳಿ. 50 ಎಂದಿದ್ದರೆ ಅದು ಈಜು ಬಲ್ಲವರಿಗೆ, ದಡ ಮತ್ತು ನೆರವು ಹತ್ತಿರದಲ್ಲೇ ಇರುವಾಗ ಮಾತ್ರ. 100 ಶಾಂತ ನೀರಿಗೆ ಆಗುತ್ತದೆ. ತೀರದಿಂದ ಆಚೆಗೆ ಹೋಗುವವರಿಗೆ ಬೇಕಾದದ್ದು 150. ನಮಗೆ ಸಿಕ್ಕಿದ್ದರ ಮೇಲೆ ಅಂಕಿಯೇ ಅಳಿಸಿಹೋಗಿತ್ತು.

ಹೊರಡುವುದು ಮುಕ್ಕಾಲು ಗಂಟೆಗೂ ಹೆಚ್ಚು ತಡವಾಯಿತು. ಅದೇ ದೋಣಿ ಅದಕ್ಕೆ ಮುಂಚಿನ ಇನ್ನೊಂದು ವಿಹಾರ ಮುಗಿಸಿ ಬರಬೇಕಿತ್ತಂತೆ. ಬೇರೆ ಪ್ರವಾಸಗಳಲ್ಲಿ ತಡವಾದರೆ ಕೊಂಚ ಬೇಸರ, ಅಷ್ಟೆ. ಇಲ್ಲಿ ಹಾಗಲ್ಲ. ಆಕಾಶದಲ್ಲಿ ಸೂರ್ಯನ ಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಭೂಮಿ ತಿರುಗುವ ವೇಗದಲ್ಲಿ, ಸಮಭಾಜಕದ ಆಸುಪಾಸಿನಲ್ಲಿ, ಬಿಂಬದ ಅಂಚು ನೀರಿಗೆ ತಾಗಿದಂತೆ ಕಂಡದ್ದರಿಂದ ಪೂರ್ತಿ ಮರೆಯಾಗುವವರೆಗೆ 2 ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು. ಆಮೇಲೆ 20–25 ನಿಮಿಷಗಳಲ್ಲಿ ಉಪಯೋಗಕ್ಕೆ ಬರುವ ಬೆಳಕೂ ಮುಗಿಯುತ್ತದೆ. ಧ್ರುವಗಳ ಕಡೆಗೆ ಹೋದಂತೆ ಈ ಮುಸ್ಸಂಜೆ ಉದ್ದವಾಗುತ್ತದೆ. ಜೆಟ್ಟಿಯಲ್ಲಿ ಕಳೆದ ಹೊತ್ತನ್ನು ಕತ್ತಲಲ್ಲಿ ತೀರಿಸಲೇಬೇಕು.

ಕಾದ ಹೊತ್ತು ಮುಗಿಯಿತು, ದೋಣಿ ಹೊರಟಿತು, ಆದರೆ ಹಾಯಿ ತನ್ನ ಚೀಲದೊಳಗೇ ಇತ್ತು. ಎಂಜಿನ್ ಹಾಕಿ ಓಡಿಸಿದರು. ಹಿಂಬದಿಯ ಆಸನಗಳಿಗೆ ಡೀಸೆಲ್ ಹೊಗೆ. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಸೂರ್ಯಾಸ್ತದ ಹಾಯಿ ವಿಹಾರದಲ್ಲಿ ಎಂಜಿನ್ ಬಳಸುವುದು ತಾನಾಗಿ ಮೋಸವಲ್ಲ. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಈ ಕಡಲಗಾಳಿ ಮಧ್ಯಾಹ್ನದ ಮೇಲೆ ಜೋರು. ಬಿಸಿಲು ಇಳಿದಂತೆ ಸೊರಗಿ, ಮುಳುಗುವ ಹೊತ್ತಿಗೆ ಬಹಳ ಸಲ ನಿಂತೇ ಹೋಗುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ತಿರುಗುತ್ತದೆ. ಆಗ ಮರಳುವ ದೋಣಿಗೆ ಅದು ಎದುರುಗಾಳಿ, ಎದುರುಗಾಳಿಗೆ ಮೂಗು ಕೊಟ್ಟು ಯಾವ ಹಾಯಿದೋಣಿಯೂ ನೇರ ಸಾಗಲಾರದು. ಬಲ್ಲ ನಾವಿಕರು ಇದನ್ನು ಮೊದಲೇ ಹೇಳುತ್ತಾರೆ. ಗಾಳಿ ಇರುವಾಗಲೇ ಹೊರಟು ಹಾಯಿಯಲ್ಲಿ ಸುತ್ತಿಸಿ, ಮರಳುವಾಗ ಎಂಜಿನ್ ಹಾಕುತ್ತೇವೆ ಎನ್ನುತ್ತಾರೆ. ಅಂಥವರಿಗೆ ಸಂಜೆಯ ವಿಹಾರ ಮಧ್ಯಾಹ್ನದ ಕೊನೆಗೇ ಶುರುವಾಗುತ್ತದೆ.

ನಮ್ಮವರು ಹಾಯಿ ಬಿಚ್ಚಿದ್ದು ಫೋಟೊಗಾಗಿ. ಸೂರ್ಯ ನೀರಿಗಿಂತ ಒಂದಷ್ಟು ಮೇಲಿದ್ದಾಗ ದೋಣಿಯನ್ನು ತೀರದ ಕಡೆಗೆ ತಿರುಗಿಸಿ, ದೊಡ್ಡ ಹಾಯಿಯನ್ನು ಅವಸರದಲ್ಲಿ ಎಳೆದು ಏರಿಸಿ, ‘ಎಲ್ಲರೂ ಮೇಲೆ ಬನ್ನಿ, ಹಿಂದೆ ಸೂರ್ಯ ಬರುವ ಹಾಗೆ ನಿಲ್ಲಿ’ ಎಂದು ಕ್ಯಾಬಿನ್ ಚಾವಣಿಯ ಮೇಲೆ ಹತ್ತಿಸಿದರು. ಹಿಂದೆ ಸೂರ್ಯನಿದ್ದ, ಉಳಿದಿದ್ದ ಕಡಲಗಾಳಿಯೂ ಹಿಂದಿನಿಂದಲೇ ಬರುತ್ತಿತ್ತು. ಹಾಯಿಯ ತಳವನ್ನು ಹಿಡಿದಿರುವ ಅಡ್ಡ ಕೊಳವೆಗೆ ಬೂಮ್ ಎನ್ನುತ್ತಾರೆ. ಅದು ಹಾಯಿಯನ್ನು ಎತ್ತಿ ಹಿಡಿಯುವ ಕೂವೆಕಂಬದ ಬುಡದಲ್ಲಿ ಬಾಗಿಲಿನಂತೆ ತಿರುಗುತ್ತದೆ. ಗಾಳಿ ಹಿಂದಿನಿಂದ ಬರುವಾಗ ಬೂಮ್ ಒಂದು ಬದಿಗೆ ಚಾಚಿರುತ್ತದೆ. ದೋಣಿಯ ಹಿಂಭಾಗ ಸ್ವಲ್ಪ ಹೊರಳಿ ಗಾಳಿ ಹಾಯಿಯ ಇನ್ನೊಂದು ಮಗ್ಗುಲನ್ನು ಹಿಡಿದರೆ ಸಾಕು, ಆ ಲೋಹದ ಕೊಳವೆ ಕಣ್ಣು ಮಿಟುಕಿಸುವಷ್ಟರಲ್ಲಿ ದೋಣಿಯ ಅಗಲವನ್ನೆಲ್ಲ ಬಾಚಿಕೊಂಡು ಆಚೆ ಬದಿಗೆ ಹೋಗಿ ಬಡಿಯುತ್ತದೆ. ಇದನ್ನು ತಡೆಯಲು ಬೂಮನ್ನು ಮುಂದಕ್ಕೆ ಎಳೆದು ಹಗ್ಗ ಕಟ್ಟುವ ಕ್ರಮವಿದೆ. ಕಟ್ಟಿರಲಿಲ್ಲ. ಇದಕ್ಕಿಂತ ಮುಖ್ಯವಾಗಿ, ಬೂಮ್ ಓಡಾಡುವ ಎತ್ತರದಲ್ಲಿ ಪ್ರಯಾಣಿಕರನ್ನು ನಿಲ್ಲಿಸುವುದೇ ಇಲ್ಲ.

ಚುಕ್ಕಾಣಿ ಹಿಡಿದಿದ್ದವನು ಯಾರದೋ ಮೊಬೈಲ್ ಪಡೆದು ತಾನೇ ಚಿತ್ರ ತೆಗೆಯಲು ನಿಂತ. ಚಕ್ರದ ಮೇಲೆ ಅವನ ಮೊಣಕಾಲು ಮಾತ್ರ ಇತ್ತು. ಬದಿಯಿಂದ ಬಂದ ಒಂದು ಅಲೆ ದೋಣಿಯ ಬೆನ್ನನ್ನು ಮೆಲ್ಲಗೆ ತಳ್ಳಿತು. ಹಾಯಿ ಒಮ್ಮೆ ಸಡಿಲವಾಗಿ ಪಟಪಟ ಎಂದದ್ದು ನನಗೆ ಕೇಳಿತು, ಆಮೇಲೆ ಕೇಳಿದ್ದು ಬೂಮ್ ಬಡಿದ ಸದ್ದು. ತುದಿಯಲ್ಲಿ ನಿಂತಿದ್ದ ಎತ್ತರದ ಯುವಕನ ಭುಜಕ್ಕೆ ಅದು ತಾಗಿ, ಅವನು ಕುಕ್ಕರಿಸಿ ಬಿದ್ದು ಕಂಬಿಯನ್ನು ತಬ್ಬಿಕೊಂಡ. ಅವನ ಕೈಯಲ್ಲಿದ್ದ ಮೊಬೈಲ್ ನೀರಿಗೆ ಹೋಯಿತು. ಅವನಿಗಿಂತ ಕುಳ್ಳಗಿದ್ದು ಅದೇ ಜಾಗದಲ್ಲಿ ನಿಂತಿದ್ದರೆ ಏಟು ತಲೆಗೆ. ಹಾಯಿದೋಣಿಗಳಲ್ಲಿ ಜನರು ಸಾಯುವ, ಕಡಲಿಗೆ ಬೀಳುವ ಹಳೆಯ ಕಾರಣಗಳಲ್ಲಿ ಇದೂ ಒಂದು. ಹೊಸಬರಿಗೆ ‘ತಲೆ ತಗ್ಗಿಸಿ’ ಎಂದು ಮೊದಲ ಐದು ನಿಮಿಷದಲ್ಲೇ ಹೇಳಿಕೊಡುವ ಪಾಠವೂ ಇದೇ. ನಮಗೆ ಹತ್ತುವಾಗ ಹೇಳಿದ್ದು ಚಪ್ಪಲಿ ಎಲ್ಲಿ ಬಿಡಬೇಕು ಎಂಬುದನ್ನು ಮಾತ್ರ.

ಆ ಗಲಾಟೆಯಲ್ಲಿ ಸೂರ್ಯ ಯಾವಾಗ ಮುಳುಗಿದ ಎಂದು ಯಾರೂ ನೋಡಲಿಲ್ಲ.

ಮರಳುವ ದಾರಿಯಲ್ಲಿ ಹಸಿರು ದೀಪ ಉರಿಯಲಿಲ್ಲ, ಕೆಂಪು ದೀಪ ಮಿಣುಕಿ ಸತ್ತಿತು. 1972ರಲ್ಲಿ ಅಂಗೀಕಾರವಾದ, ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ದೀಪ ಇರಲೇಬೇಕು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಎಂಜಿನ್ ಓಡುತ್ತಿದ್ದರೆ ಮೇಲೆ ಮುಂದಕ್ಕೆ ಕಾಣುವ ಇನ್ನೊಂದು ಬಿಳಿ. ಅದು ಅಲಂಕಾರಕ್ಕಲ್ಲ. ಕತ್ತಲಲ್ಲಿ ಎದುರಿನವನಿಗೆ ಯಾವ ಬಣ್ಣ ಕಂಡಿತು ಎಂಬುದರ ಮೇಲೆ ನೀವು ಅತ್ತ ಹೋಗುತ್ತಿದ್ದೀರೋ ಇತ್ತ ಬರುತ್ತಿದ್ದೀರೋ ಎಂದು ಅವನು ತೀರ್ಮಾನಿಸುತ್ತಾನೆ. ನಮ್ಮ ದೋಣಿಯ ಹುಡುಗ ಮುಂದೆ ನಿಂತು ಮೊಬೈಲ್ ಟಾರ್ಚ್ ಬೀಸತೊಡಗಿದ. ಟಾರ್ಚ್ ತೋರಿಸಿದರೆ ಸಾಕು ಎಂಬ ವಿನಾಯಿತಿ ನಿಯಮದಲ್ಲಿ ಇದೆ ನಿಜ, ಹುಟ್ಟು ಹಾಕಿ ಸಾಗುವ ದೋಣಿಗೆ, ಇಲ್ಲವೇ ಹಾಯಿಯಲ್ಲಿ ಸಾಗುವ, 7 ಮೀಟರಿಗಿಂತ ಚಿಕ್ಕದಾದ ದೋಣಿಗೆ. ನಮ್ಮದು ಅದಕ್ಕಿಂತ ಉದ್ದ, ಮೇಲಾಗಿ ಎಂಜಿನ್ ಗುಡುಗುತ್ತಿತ್ತು. ಟಾರ್ಚಿನ ಬೆಳಕು ಮುಂದಿನ ಹಾಯಿಗೆ ಬಡಿದು ಚುಕ್ಕಾಣಿ ಹಿಡಿದವನ ಕಣ್ಣಿಗೇ ರಾಚುತ್ತಿತ್ತು. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಷ್ಟು ಬೇಕು, ಆ ಹೊಂದಿಕೆ ಕೆಡಲು ಒಂದು ಕ್ಷಣ ಸಾಕು. ಬಲಗಡೆ ಮೀನುಗಾರಿಕೆ ದೋಣಿಯೊಂದು ತೀರಾ ಹತ್ತಿರ ಹಾದಾಗ ಅವರು ಕೂಗಿದ್ದು ಕೇಳಿತು. ಬೈದದ್ದೇ ಇರಬೇಕು, ಬೈಯಲಿ.

ಕಡಲ ರೇಡಿಯೊ ಇದೆಯೇ ಎಂದು ಭಾವ ಕೇಳಿದರು. ‘ಮೊಬೈಲ್ ಇದೆಯಲ್ಲ ಸರ್’ ಎಂದ ದೋಣಿಯವನು. ತೀರದಿಂದ ದೂರ ಹೋದಂತೆ ಮೊಬೈಲ್ ಸಂಕೇತ ಕೈಕೊಡುತ್ತದೆ. ಇದ್ದರೂ ಅದು ಒಬ್ಬರನ್ನು ಮಾತ್ರ ತಲುಪುತ್ತದೆ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ ಕೂಗಿದರೆ ಸುತ್ತಲಿನ ಎಲ್ಲ ಹಡಗುಗಳಿಗೂ ಕೇಳುತ್ತದೆ. ದಿಗಂತ ಕತ್ತಲಲ್ಲಿ ಕರಗಿದ ಮೇಲೆ ಮಗುವಿಗೆ ಹೊಟ್ಟೆ ತೊಳಸತೊಡಗಿತು. ಕಣ್ಣಿಗೆ ನೆಲೆ ನಿಲ್ಲಲು ಒಂದು ಗೆರೆಯೂ ಇಲ್ಲದಿದ್ದಾಗ ಹಾಗಾಗುತ್ತದೆ. ಜೆಟ್ಟಿ ಮುಟ್ಟುವವರೆಗೂ ಅವಳು ಅಕ್ಕನ ಮಡಿಲಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಇದ್ದಳು.

ಹಣ ಮರಳಿಸಿ ಎಂದಾಗ ‘ಪ್ರಕೃತಿ ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬಂತು. ಹವಾಮಾನದ ಕಾರಣಕ್ಕೆ ಹಣ ಮರಳಿಸುವುದಿಲ್ಲ ಎಂಬ ಷರತ್ತು ಟಿಕೆಟಿನಲ್ಲಿದೆಯಂತೆ. ಕೆಟ್ಟ ದೀಪ, ಮುರಿದ ಬಕಲ್, ಮೊಣಕಾಲಿನ ಚುಕ್ಕಾಣಿ, ಇವೆಲ್ಲ ಯಾವ ಹವಾಮಾನದಲ್ಲಿ ಬರುತ್ತವೋ! ಆ ಷರತ್ತನ್ನು ಹಣ ಕಟ್ಟುವ ಮೊದಲೇ ತಿರುಗಿಸಿ ಓದಿ. ಗಾಳಿ ಕೆಟ್ಟರೆ ದೋಣಿಯವರೇ ವಿಹಾರ ರದ್ದುಮಾಡಿ ಹಣ ಮರಳಿಸುತ್ತಾರೆಯೇ ಎಂದು ನೋಡಿ. ಮರಳಿಸುವುದಿಲ್ಲ ಎಂದರೆ, ಹೊರಡಬಾರದ ದಿನ ನಿಮ್ಮಿಂದ ‘ಬೇಡ’ ಎನಿಸದಿರಲು ಆ ಷರತ್ತೇ ಸಾಕು. ಕಟ್ಟಿದ ಹಣ ಹಾಳಾಗುತ್ತದಲ್ಲ ಎಂದು ನೀವೇ ಹತ್ತುತ್ತೀರಿ.

ಜನರು ಬರೆದ ಅಭಿಪ್ರಾಯಗಳನ್ನು ನಂಬಿ ಹೋಗುವವರಿಗೂ ಒಂದು ಮಾತು. ಐದು ನಕ್ಷತ್ರ ಕೊಟ್ಟವರ ಚಿತ್ರಗಳಲ್ಲಿ ಬಾನಿನ ಬಣ್ಣ ಚೆನ್ನಾಗಿಯೇ ಇರುತ್ತದೆ. ದೀಪ ಉರಿಯುತ್ತಿತ್ತೇ, ಜಾಕೆಟ್ ತೊಡಿಸಿದ್ದರೇ ಎಂದು ಅವು ಹೇಳುವುದಿಲ್ಲ. ಒಂದು, ಎರಡು ನಕ್ಷತ್ರದವುಗಳನ್ನು ಮೊದಲು ಓದಿ. ಫೋನಿನಲ್ಲಿ ಒಂದು ಪ್ರಶ್ನೆ ಮಾತ್ರ ಕೇಳುವುದಿದ್ದರೆ, ಸೂರ್ಯಾಸ್ತಕ್ಕೆ ಎಷ್ಟು ಮೊದಲು ಜೆಟ್ಟಿ ಬಿಡುತ್ತೀರಿ, ಅದಕ್ಕೆ ಮುಂಚೆ ಅದೇ ದೋಣಿಗೆ ಇನ್ನೊಂದು ವಿಹಾರ ಇದೆಯೇ ಎಂದು ಕೇಳಿ. ಜೆಟ್ಟಿಯಲ್ಲಿ ದೀಪ ಹಾಕಿ ತೋರಿಸಿ ಎನ್ನಿ, ಮಗುವಿನ ಜಾಕೆಟನ್ನು ಅಲ್ಲೇ ತೊಡಿಸಿ ಭುಜ ಹಿಡಿದು ಎತ್ತಿ ನೋಡಿ. ನಾವು ಕಾಯುತ್ತಿದ್ದಾಗ ಪಕ್ಕದ ದೋಣಿಯಾಕೆ ತನ್ನ ಪ್ರಯಾಣಿಕರನ್ನು ಹೆಸರು ಕರೆದು ಎಣಿಸಿ, ಜಾಕೆಟ್ ತಾನೇ ಬಿಗಿದು, ಬೂಮನ್ನು ಕೈಯಿಂದ ಆಚೀಚೆ ತಳ್ಳಿ ತೋರಿಸಿ ಹೊರಟಳು. ಆಗ ನಮ್ಮ ಗುಂಪಿನ ಕೆಲವರು ನಕ್ಕರು. ಬೆಳಕಿರುವಾಗಲೇ ಅವಳು ಮರಳಿ ಬರುತ್ತಿದ್ದದ್ದನ್ನು ನಾವು ಚಾವಣಿಯ ಮೇಲಿಂದ ನೋಡಿದೆವು.

ನಮ್ಮ ದೋಣಿಯವರ ಜಾಹೀರಾತು ಈಗ ಹೊಸ ಹೆಸರಿನಲ್ಲಿ ಓಡುತ್ತಿದೆ, ಪಠ್ಯ ಅದೇ, ಫೋನ್ ನಂಬರೂ ಅದೇ. ಜೊತೆಗಿರುವ ಚಿತ್ರದಲ್ಲಿ ಹಾಯಿ ಬಿಚ್ಚಿದ ಚೆಂದದ ದೋಣಿಯೊಂದಿದೆ. ಅದು ಎರಡು ಒಡಲಿನ ಕ್ಯಾಟಮರಾನ್. ನಾವು ಹತ್ತಿದ್ದಕ್ಕೆ ಒಂದೇ ಒಡಲು.